ಹೆಜ್ಜೇನು ಮತ್ತು ಸ್ಟೀಲಿನ ಡಬ್ಬಿ

ನಾನು ಮೊದಲಿನಿಂದಲೂ ಪುಕ್ಕಲಿ. ಇದನ್ನು ಆರಂಭದಲ್ಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಆರ್.ಟಿ. ನಗರದ ಶಾಲೆಯೊಂದರ ವಿಜ್ಞಾನ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಸಹಾಯಕಿಯಾಗಿದ್ದೆ. ಜಾಡಿಯೊಳಗಿನ ಹಾವು, ಚೇಳು, ಕಪ್ಪೆಗಳ ಧೂಳು ಒರೆಸಿ ಸಾಲಾಗಿ ಜೋಡಿಸಿಡುತ್ತಿದ್ದವಳು ನಾನೇ. ಸತ್ತವುಗಳ ಜೊತೆ ನನಗೆ ಯಾವ ತಕರಾರೂ ಇರಲಿಲ್ಲ. ಜೀವಂತ ಜಿರಲೆ ಕಂಡರೆ ಮಾತ್ರ ಸ್ಟೂಲ್ ಹತ್ತುತ್ತಿದ್ದೆ. ಇಂಥವಳು ಮನೆಯ ಹಿಂದೆ ಕಾಡು ಬೆಳೆಸಲು ಹೊರಟಳು ಎಂದರೆ ಯಾರಿಗಾದರೂ ನಗು ಬರುತ್ತದೆ. "ಇರಲಾರ್ದೆ ಇರುವೆ ಬಿಟ್ಕೊಂಡೋಳು ಇವಳೇ" ಎಂದು ನನ್ನ ಗಂಡ ನೆಂಟರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತಾರೆ.

2008ರಲ್ಲಿ ನಾವು ವಿದ್ಯಾರಣ್ಯಪುರದಾಚೆಯ ಸಿಂಗಾಪುರಕ್ಕೆ ಬಂದೆವು. ಐದು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ನಮ್ಮದು ಮೂರನೆಯ ಮಹಡಿ, ಪಡುವಣ ಮುಖ. ಮಧ್ಯಾಹ್ನ ಮೂರರ ಮೇಲೆ ಮಲಗುವ ಕೋಣೆಯ ಕಾದ ಗೋಡೆಗೆ ಬೆನ್ನು ಕೊಡಲಾಗುತ್ತಿರಲಿಲ್ಲ. ಕಿಟಕಿ ತೆರೆದರೆ ಕೆಳಗೆ ಕಾಂಪೌಂಡಿಗೂ ರಾಜಕಾಲುವೆಗೂ ನಡುವೆ ಒಂದು ಉದ್ದನೆಯ ತುಂಡು ಜಾಗ ಕಾಣುತ್ತಿತ್ತು. ಹಿಂದೆ ಅದು ಹಳ್ಳಿಯ ಗುಂಡುತೋಪು, ಊರಿಗೆಲ್ಲ ಸೇರಿದ ನೆರಳು. ನಾವು ಬರುವ ಹೊತ್ತಿಗೆ ಏಳು ಹೊಂಗೆ ಮರ, ಒಂದು ಹುಣಸೆ ಉಳಿದಿದ್ದವು. ಅವುಗಳ ಬುಡದಲ್ಲಿ ಸೊಂಟದೆತ್ತರಕ್ಕೆ ಒಡೆದ ಇಟ್ಟಿಗೆ, ಟೈಲ್ಸ್ ಚೂರು, ಗಟ್ಟಿಯಾದ ಸಿಮೆಂಟ್ ಚೀಲಗಳು.

ಆ ಮೊದಲ ಬೇಸಿಗೆಯಲ್ಲಿ ನನ್ನ ನಿದ್ದೆ ಹೋಯಿತು. ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತಿತ್ತು. ಹೆಬ್ಬಾಳದ ಮೇಲ್ಸೇತುವೆ ಮೇಲೆ ಬಸ್ಸು ನಿಂತರೆ ಇಳಿದು ಓಡಿಬಿಡೋಣ ಅನ್ನಿಸುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟು, "ಬೆಳಿಗ್ಗೆ ಹಸಿರಲ್ಲಿ ಸ್ವಲ್ಪ ಓಡಾಡಿ" ಎಂದರು. ಹಸಿರು ಎಲ್ಲಿದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಬಂದು ಕಿಟಕಿಯಿಂದ ಆ ಇಟ್ಟಿಗೆ ಗುಡ್ಡೆಯನ್ನು ನೋಡುತ್ತ ನಿಂತೆ.

ಅಲ್ಲೇ ಹಸಿರು ಬೆಳೆಸೋಣ ಅನ್ನಿಸಿತು. ಆ ಇಟ್ಟಿಗೆ, ಮಣ್ಣು ಎತ್ತಿಸಲು ಒಂದು ವರ್ಷ ಹಿಡಿಯಿತು. ಮುಂದಿನ ಕೆಲಸವನ್ನು ಹೇಳಿಕೊಟ್ಟವರು ಪಕ್ಕದ ಹಳೆಯ ಹೆಂಚಿನ ಮನೆಯ ಅಜ್ಜಿ. ಎರಡು ಹಸು ಕಟ್ಟಿಕೊಂಡು ನಮಗೆಲ್ಲ ಹಾಲು ಹಾಕುತ್ತಿದ್ದವರು, ಊರು ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದವರು. ನಾನು ನರ್ಸರಿಯಿಂದ ಕ್ರೋಟನ್ ತಂದು ನೆಡಲು ಹೊರಟಾಗ ಸೊಂಟಕ್ಕೆ ಕೈಯಿಟ್ಟು ನೋಡಿದರು.

"ಅದ್ಯಾಕವ್ವ ತಂದೆ? ದನಾನೂ ಮೂಸಾಕಿಲ್ಲ ಅದ್ನ. ಸುಮ್ಕೆ ಬುಡು, ನೆಲದಾಗಿರೋದು ತಾನಾಗೇ ಏಳ್ತದೆ. ಎಲೆ ಸುಡ್ಬ್ಯಾಡ, ಉಲ್ಲು ಕುಯ್ಬ್ಯಾಡ."

ಸುಮ್ಮನೆ ಬಿಟ್ಟೆವು. ಎರಡನೇ ಮಳೆಗಾಲಕ್ಕೆ ತುಂಬೆ ಎದ್ದಿತು, ಲಕ್ಕಿ ಎದ್ದಿತು. ಯಾವ ಹಕ್ಕಿ ತಂದು ಹಾಕಿತೋ, ಗಸಗಸೆ ಹಣ್ಣಿನ ಗಿಡವೊಂದು ಕಾಂಪೌಂಡಿನಷ್ಟೆತ್ತರ ಬಂತು. ಮಳೆ ಬಂದರೆ ನೀರು ಮೊದಲಿನಂತೆ ಕೆಸರಾಗಿ ಕಾಲುವೆಗೆ ಓಡದೆ ಅಲ್ಲೇ ಇಂಗುತ್ತಿತ್ತು. ಥರ್ಮಾಮೀಟರ್ ಇಟ್ಟು ಅಳೆದವಳಲ್ಲ ನಾನು, ಆದರೆ ನಾಲ್ಕನೇ ಬೇಸಿಗೆಯಲ್ಲಿ ಮಲಗುವ ಕೋಣೆಯ ಗೋಡೆಗೆ ಒರಗಿ ಕೂತು ಬಟಾಣಿ ಸುಲಿಯುವುದಕ್ಕೆ ಆಗುತ್ತಿತ್ತು. ದಿನಾ ಬೆಳಿಗ್ಗೆ ಅರ್ಧ ಗಂಟೆ ಆ ಮರಗಳ ಕೆಳಗೆ ನಡೆದೆ. ಒಂದು ದಿನ ಬಸ್ಸು ಹೆಬ್ಬಾಳದ ಸೇತುವೆ ಮೇಲೆ ಇಪ್ಪತ್ತು ನಿಮಿಷ ನಿಂತಿತು, ನಾನು ಕಿಟಕಿಗೆ ತಲೆಕೊಟ್ಟು ನಿದ್ದೆ ಹೋಗಿದ್ದೆ.

ಅಷ್ಟು ಸುಖ ನನ್ನಂಥವಳಿಗೆ ದಕ್ಕುವುದುಂಟೆ? ಅದೇ ವರ್ಷ ತುಂಬೆ ಹೂ ಕೀಳುವಾಗ ಒಂದು ಜೇನುನೊಣ ಬೆರಳಿಗೆ ಚುಚ್ಚಿತು. ಒಂದೇ ಒಂದು. ಸುಣ್ಣ ಹಚ್ಚಿಕೊಂಡು ಮೆಟ್ಟಿಲು ಹತ್ತುವಷ್ಟರಲ್ಲಿ ಅಂಗೈ ತುರಿಸಿತು, ನಾಲಿಗೆ ದಪ್ಪವಾಯಿತು, ಗಂಟಲು ಯಾರೋ ಹಿಸುಕಿದಂತೆ ಬಿಗಿಯಿತು. ಆಟೋದಲ್ಲಿ ಯಲಹಂಕದ ಆಸ್ಪತ್ರೆಗೆ ಹೋಗುವಾಗ ನನ್ನ ಗಂಡ "ಉಸ್ರು ಬಿಡು, ಬಿಡು ಕಣೇ, ಬಿಡು" ಎನ್ನುತ್ತಿದ್ದದ್ದು ದೂರದಿಂದ ಕೇಳುತ್ತಿತ್ತು. ಬದುಕಿಕೊಂಡೆ. ಡಾಕ್ಟರು ಹೇಳಿದ್ದು ಇಷ್ಟೆ: ನನ್ನ ಮೈಗೆ ಜೇನಿನ ವಿಷ ಆಗದು. ಮುಂದಿನ ಸಲ ಇದಕ್ಕಿಂತ ಜೋರಾಗಬಹುದು. ಅಡ್ರಿನಲಿನ್ ಔಷಧ, ಸಿರಿಂಜು ಸದಾ ಜೊತೆಯಲ್ಲಿರಲಿ, ಚುಚ್ಚಿದ ಕೂಡಲೇ ತೊಡೆಗೆ ಹಾಕಿಕೊಳ್ಳಿ.

ಹೀಗೆ ನಮ್ಮ ಮನೆಗೆ ಸ್ಟೀಲಿನ ಡಬ್ಬಿ ಬಂತು. ಅಂಗೈಯಗಲದ ಡಬ್ಬಿ, ಒಳಗೆ ಹತ್ತಿಯಲ್ಲಿ ಸುತ್ತಿದ ಔಷಧ ತುಂಬಿದ ಎರಡು ಗಾಜಿನ ಆಂಪ್ಯೂಲ್, ಎರಡು ಸಿರಿಂಜು. ನನ್ನ ಕೈ ನಡುಗುತ್ತದೆಂದು ಚುಚ್ಚುವ ಕೆಲಸ ಗಂಡ ವಹಿಸಿಕೊಂಡರು. ಅವರು ಜನ್ಮದಲ್ಲಿ ಸೂಜಿ ಹಿಡಿದವರಲ್ಲ. ಮೂಸಂಬಿ ಹಣ್ಣಿಗೆ ನೀರು ಚುಚ್ಚಿ ಚುಚ್ಚಿ ಕಲಿತರು. ಒಂದು ವಾರ ನಮ್ಮನೆಯಲ್ಲಿ ನೀರು ಕುಡಿದ ಮೂಸಂಬಿಯದೇ ಜ್ಯೂಸು.

ಆಮೇಲೆ ತೋಪಿಗೆ ಇಳಿಯುವಾಗಲೆಲ್ಲ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹೊಂಗೆ ಹೂ ಬಿಡುವ ಯುಗಾದಿಯ ತಿಂಗಳಲ್ಲಿ ಇಳಿಯುತ್ತಲೇ ಇರಲಿಲ್ಲ. ಕಿಟಕಿಯ ಸರಳು ಹಿಡಿದು ಮೇಲಿಂದಲೇ ಆ ಗುಂಯ್ ಸದ್ದು ಕೇಳುತ್ತಿದ್ದೆ. ಹೆದರಿಕೆಯೂ ಆಗುತ್ತಿತ್ತು, ನಾವೇ ಕರೆಸಿದ್ದೇವಲ್ಲ ಎಂಬ ಜಂಬವೂ ಇರುತ್ತಿತ್ತು.

ಹೆಜ್ಜೇನು ಬಂದದ್ದು ಇನ್ನೆರಡು ವರ್ಷದ ಮೇಲೆ, ಸಂಕ್ರಾಂತಿ ಕಳೆದ ವಾರ. ಕಟ್ಟಡದ ಹಿಂಭಾಗದಲ್ಲಿ, ಐದನೇ ಮಹಡಿಯ ಮೇಲಿನ ಸಜ್ಜೆಯ ಅಡಿಯಲ್ಲಿ ಒಂದು ಬೆಳಿಗ್ಗೆ ದೋಸೆ ಕಾವಲಿಯಷ್ಟು ಕಪ್ಪು ಕಂಡಿತು. ಶಿವರಾತ್ರಿಗೆ ಮೊರದಷ್ಟಾಯಿತು. ಹದ್ದು ಹತ್ತಿರ ಸುಳಿದರೆ ಆ ಕಪ್ಪಿನ ಮೈಯೆಲ್ಲ ಒಮ್ಮೆ ಜುಮ್ಮೆಂದು ಅಲೆಯಾಗಿ ಹೊರಳುತ್ತಿತ್ತು. ಅದನ್ನು ನೋಡಿದಾಗೆಲ್ಲ ಸೊಂಟದ ಡಬ್ಬಿಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ನಮ್ಮ ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ ಬಸ್ ಡಿಪೋದಲ್ಲಿ ಮೇಲ್ವಿಚಾರಕರಾಗಿ ನಿವೃತ್ತರಾದವರು. ಒಳ್ಳೆಯವರು, ಆದರೆ ನೆಲದ ಮೇಲೆ ಒಂದು ಎಲೆ ಬಿದ್ದರೂ ಸಂಕಟಪಡುವವರು. "ಮೇಡಂ, ಸ್ಪ್ರೇ ಹೊಡಿಯೋರಿದ್ದಾರೆ, ಕರೆಸ್ಲಾ?" ಎಂದರು. ನಾನು ಅಜ್ಜಿಯನ್ನು ಕೇಳಿದೆ.

"ಒಂಗೆ ಊವು ಉದುರೋಗಂಟ ಇರ್ತವೆ. ಆಮೇಕೆ ಅವೇ ಎದ್ದು ಓಯ್ತವೆ. ನೀನು ಅವುಗಳ ತಂಟೆಗೆ ಓಗ್ಬ್ಯಾಡ, ಒಗೆ ಆಕ್ಬ್ಯಾಡ, ಅಷ್ಟೆಯ" ಎಂದರು ಅಜ್ಜಿ.

ಸರಿ, ಎಲ್ಲೂ ಹೊಗೆಯಾಗಬಾರದೆಂದು ನಾನೇ ಕೂತು ನೋಟೀಸು ಬರೆದೆ. ಲಿಫ್ಟಿನೊಳಗೆ ಅಂಟಿಸಿದೆ. ಟೆರೇಸಿನಲ್ಲಿ ಬೀಡಿ ಸಿಗರೇಟು ಸೇದಬಾರದು, ಪಟಾಕಿ ಹೊಡೆಯಬಾರದು, ಕಸ ಸುಡಬಾರದು, ಸೊಳ್ಳೆಹೊಗೆ ಹಾಕಿಸಬಾರದು. ಪ್ರಯೋಗಾಲಯದವಳಲ್ಲವೆ, ಒಂದೊಂದನ್ನೂ ನೆನೆನೆನೆದು ಬರೆದೆ. ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ.

ಯುಗಾದಿಗೆ ಇನ್ನು ಕೆಲವೇ ದಿನ ಇರುವಾಗ ಐದನೇ ಮಹಡಿಯ ಖಾಲಿ ಫ್ಲ್ಯಾಟಿಗೆ ಹೊಸಬರು ಬಂದರು. ಗೃಹಪ್ರವೇಶ. ಮನೆಯೊಡತಿ ನನ್ನ ಮನೆಗೇ ಬಂದು ಕುಂಕುಮ ಕೊಟ್ಟು ಕರೆದರು. ನೋಟೀಸು ಓದಿದ್ದರು ಬೇರೆ. "ನಮ್ಮನೇವ್ರಿಗೆ ಸಿಗರೇಟ್ ಅಭ್ಯಾಸ ಇಲ್ಲ ಕಣ್ರೀ, ಯೋಚ್ನೆ ಮಾಡ್ಬೇಡಿ" ಎಂದು ನಕ್ಕರು. ಗೋಪ್ರವೇಶಕ್ಕೆ ಹಸು ಬೇಕೆಂದಾಗ ಅಜ್ಜಿಯ ಮನೆ ತೋರಿಸಿದವಳೂ ನಾನೇ. ಬೆಳಿಗ್ಗೆ ಗಣಹೋಮ, ಆಮೇಲೆ ಊಟ ಎಂದರು. ಆಗಲಿ ಬರ್ತೀವಿ ಎಂದೆ. ಹೋಮದ ಹೊಗೆಯೂ ಹೊಗೆಯೇ ಎಂದು ನನಗೆ ಹೊಳೆಯಲಿಲ್ಲ. ಅವರಿಗೂ ಹೊಳೆಯಲಿಲ್ಲ, ಸೆಕ್ರೆಟರಿಗೂ ಹೊಳೆಯಲಿಲ್ಲ. ನಮ್ಮ ಜನಕ್ಕೆ ಅದು ಹೊಗೆಯೇ ಅಲ್ಲ, ದೇವರ ಕೆಲಸ. ಕಣ್ಣುರಿದರೂ ಒಳ್ಳೆಯದು ಎಂದುಕೊಂಡು ಇನ್ನಷ್ಟು ಹತ್ತಿರ ಕೂರುತ್ತೇವೆ.

ರೇಷ್ಮೆ ಸೀರೆ ಉಟ್ಟೆ. ಆ ಸೀರೆಯ ಸೊಂಟದಲ್ಲಿ ಡಬ್ಬಿ ಉಬ್ಬಿ ಕಾಣುತ್ತದೆಂದು ಟಿವಿ ಮೇಲೆ ಇಟ್ಟು ಹೋದೆ. ಎರಡೇ ಮಹಡಿ ಮೇಲೆ ತಾನೇ. ಗಂಡ ಸ್ನಾನ ಮುಗಿಸಿ ಊಟದ ಹೊತ್ತಿಗೆ ಬರುತ್ತೇನೆ ಎಂದಿದ್ದರು. ಹಸುವಿಗೆ ಲಿಫ್ಟು ಹತ್ತಲಾಗದ್ದರಿಂದ ಕೆಳಗೆ ಪಾರ್ಕಿಂಗಿನಲ್ಲೇ ಪೂಜೆಯಾಗಿತ್ತು. ಅಜ್ಜಿ ಅದರ ಹಗ್ಗ ಹಿಡಿದು ತಮ್ಮ ತಾಂಬೂಲಕ್ಕೆ ಕಾಯುತ್ತ ಅಲ್ಲೇ ಕೂತಿದ್ದರು.

ಹೊಸ ಮನೆಯ ಹಾಲಿನಲ್ಲಿ ಇಟ್ಟಿಗೆ ಜೋಡಿಸಿ ಹೋಮಕುಂಡ ಮಾಡಿದ್ದರು. ನನಗೆ ಬೇಗನೆ ತಾಂಬೂಲ ಕೊಟ್ಟರು: ಎಲೆ, ಅಡಿಕೆ, ತೆಂಗಿನಕಾಯಿ, ಒಂದು ಹಸಿರು ರವಿಕೆ ಕಣ. ಪೂರ್ಣಾಹುತಿಗೆ ಪುರೋಹಿತರು ತುಪ್ಪ ಸುರಿದರು. ಹೊಗೆ ದಪ್ಪನಾಗಿ ಎದ್ದಿತು. ಹೊಸ ಬಣ್ಣ ಕಪ್ಪಾಗುತ್ತದೆಂದು ಯಾರೋ ಬಾಲ್ಕನಿಯ ಬಾಗಿಲನ್ನು ಪೂರ್ತಿ ಸರಿಸಿದರು. ಹೊಗೆ ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಮೇಲಕ್ಕೆ ಹೋಯಿತು. ನಾನು ಅದರ ಹಿಂದೆಯೇ ಕಣ್ಣು ಹಾಯಿಸಿದೆ. ಆ ಬಾಲ್ಕನಿಯ ಮೇಲಿನ ಸಜ್ಜೆ ಯಾವುದು ಎಂದು ಆಗ ಗೊತ್ತಾಯಿತು.

"ಬಾಗಿಲು ಹಾಕಿ" ಎನ್ನಬೇಕಿತ್ತು. ಅಲ್ಲಿ ಮೂವತ್ತು ಜನ ಇದ್ದರು, ಮಕ್ಕಳಿದ್ದರು. ನಾನು ಎದ್ದು, ತಾಂಬೂಲದ ಸಮೇತ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಸದ್ದು ಆಮೇಲೆ ಬಂತು. ಹೊಂಗೆಯ ಕೆಳಗಿನ ಗುಂಯ್ ಅಲ್ಲ, ಅದಕ್ಕಿಂತ ದಪ್ಪ, ಗೋಡೆಯೊಳಗಿಂದ ಬರುವಂಥದ್ದು. ನಂತರ ಕಿರುಚಾಟ, ಪಾತ್ರೆ ಬಿದ್ದದ್ದು, ಓಡುವ ಕಾಲುಗಳು. ತಲೆಯೆತ್ತಿ ನೋಡಿದರೆ ಬಚ್ಚಲಿನ ಗವಾಕ್ಷಿಗೆ ಇನ್ನೂ ಗಾಜೇ ಕೂರಿಸಿಲ್ಲ. ಇಷ್ಟು ವರ್ಷ ಖಾಲಿ ಬಿದ್ದಿದ್ದ ಮನೆ. ತಟ್ಟೆಯಗಲದ ಆಕಾಶ, ಅದರಲ್ಲಿ ಕಪ್ಪು ಚುಕ್ಕೆಗಳು ಹಾಯುತ್ತಿದ್ದವು. ಬಕೆಟ್ ಬೋರಲು ಹಾಕಿ ಹತ್ತಿದೆ. ರವಿಕೆ ಕಣ ಮುದ್ದೆ ಮಾಡಿ ತುರುಕಿದೆ, ಸಾಲಲಿಲ್ಲ. ವೀಳ್ಯದೆಲೆಗಳನ್ನು ಸಂದಿಗೆ ಒತ್ತಿದೆ. ಎರಡೂ ಕೈ ಅಲ್ಲಿಟ್ಟು ಹಿಡಿದುಕೊಂಡು ನಿಂತೆ. ಬಟ್ಟೆಯ ಆಚೆಯಿಂದ ಒಂದೊಂದು ಬಂದು ಬಡಿಯುವುದು ಬೆರಳಿಗೆ ತಿಳಿಯುತ್ತಿತ್ತು. ಡಬ್ಬಿ ಟಿವಿ ಮೇಲಿದೆ, ಡಬ್ಬಿ ಟಿವಿ ಮೇಲಿದೆ ಎಂದು ಮಂತ್ರದಂತೆ ಹೇಳಿಕೊಳ್ಳುತ್ತಿದ್ದೆ. ಸಾಯುತ್ತೇನೆ ಎಂಬ ಭಯ ಅಷ್ಟು ಸ್ಪಷ್ಟವಾಗಿ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಎಷ್ಟು ಹೊತ್ತಾಯಿತೋ. ಬಾಗಿಲು ತಟ್ಟಿದರು. "ನಾನು ಕಣೇ. ತೆಗೀಬೇಡ. ಚುಚ್ಚಿದ್ಯಾ? ಚುಚ್ಚಿದ್ರೆ ತೆಗಿ."

"ಇಲ್ಲ" ಎಂದೆ.

"ಹಾಗಿದ್ರೆ ಅಲ್ಲೇ ಇರು."

ನನ್ನ ಗಂಡ ಸ್ಕೂಟರಿನ ಹೆಲ್ಮೆಟ್ಟು, ಮಳೆಕೋಟು ಹಾಕಿಕೊಂಡು, ಕೈಗೆ ಸಾಕ್ಸ್ ತೊಟ್ಟು, ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದರು. ಎಲ್ಲ ಅಡಗುವವರೆಗೆ ಆ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಕುತ್ತಿಗೆಗೆ ನಾಲ್ಕು ಕಡೆ ಚುಚ್ಚಿಸಿಕೊಂಡಿದ್ದರೂ ಸಂಜೆಯವರೆಗೆ ಹೇಳಲಿಲ್ಲ.

ಯಾರೂ ಸಾಯಲಿಲ್ಲ. ಪುರೋಹಿತರು ತಲೆಯ ಮೇಲೆ ಶಲ್ಯ ಹೊದ್ದು ಅಲುಗಾಡದೆ ಕೂತಿದ್ದರಂತೆ, ಎರಡೇ ಕಡೆ ಚುಚ್ಚಿತ್ತು. ಸೆಕ್ರೆಟರಿ ಮಕ್ಕಳನ್ನು ಲಿಫ್ಟಿಗೆ ತಳ್ಳುತ್ತ ಮುಖವೆಲ್ಲ ಊದಿಸಿಕೊಂಡಿದ್ದರು. ಎಲ್ಲರಿಗಿಂತ ಹೆಚ್ಚು ಚುಚ್ಚಿಸಿಕೊಂಡವರು ಅಜ್ಜಿ. ಪಾರ್ಕಿಂಗಿನಲ್ಲಿ ಹಸುವಿನ ಹಗ್ಗ ಬಿಚ್ಚಲು ಹೋಗಿ ಕೈ, ಕಿವಿ, ಕಣ್ಣಿನ ರೆಪ್ಪೆ ಎಲ್ಲ ಹಣ್ಣಾಗಿತ್ತು. ನನ್ನ ಮೈಮೇಲೆ ಒಂದು ಗುರುತೂ ಇರಲಿಲ್ಲ.

ಮರುದಿನ ಸೆಕ್ರೆಟರಿ ಬಂದರು. ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಸಂಘದಲ್ಲಿ ಎಲ್ಲರೂ ಒಂದೇ ಮಾತು ಎಂದರು. ಹೆಜ್ಜೇನು ತೆಗೆಸಬೇಕು, ಹಿಂದಿನ ಗಿಡಗಂಟಿ ಕಿತ್ತು ಟೈಲ್ಸ್ ಹಾಕಿಸಬೇಕು. ಆಮೇಲೆ ಸ್ವರ ತಗ್ಗಿಸಿದರು.

"ಆ ತೋಪು ಮಾಡಿದೋರು ನೀವು. ಪ್ರಾಣಕ್ಕೆ ಹೆಚ್ಚು ಅಪಾಯ ಇರೋದೂ ನಿಮ್ಗೇ. ನೀವು ಬೇಡ ಅಂದ್ರೆ ನಾನು ಅವ್ರನ್ನೆಲ್ಲ ಹೇಗೋ ಸುಮ್ನಿರಿಸ್ತೀನಿ. ಒಂದು ಮಾತು ಹೇಳಿ ಮೇಡಂ."

ನನಗೆ ಎಲ್ಲ ಗೊತ್ತಿತ್ತು. ಹೊಂಗೆ ಹೂ ಉದುರಲು ಇನ್ನು ಒಂದು ತಿಂಗಳು. ಅಷ್ಟು ದಿನ ಆ ಬಾಲ್ಕನಿ ಮುಚ್ಚಿಟ್ಟರೆ, ಹೊಗೆಯಾಡದಂತೆ ನೋಡಿಕೊಂಡರೆ ಅವೇ ಹೋಗುತ್ತಿದ್ದವು. ಆದರೆ ಆ ಇಡೀ ದಿನ ನಾನು ಕಿಟಕಿ ಮುಚ್ಚಿ ಪರದೆ ಎಳೆದು ಕೂತಿದ್ದೆ. ಮಿಕ್ಸಿ ತಿರುಗಿದರೂ ಬೆಚ್ಚುತ್ತಿದ್ದೆ.

"ಮರಗಳನ್ನ ಮುಟ್ಬೇಡಿ. ಟೈಲ್ಸ್ ಬೇಡ. ಜೇನು ತೆಗೆಸಿ" ಎಂದೆ.

ಚೌಕಾಸಿ ಮಾಡಿ ತೋಪು ಉಳಿಸಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ದಿನ ಬೆಳಿಗ್ಗೆ ಎದ್ದಾಗ ಕೆಲಸ ಮುಗಿದಿತ್ತು. ಪಾರ್ಕಿಂಗಿನ ಹಿಂದೆ ನೆಲ ಕಪ್ಪಗಿತ್ತು. ಗುಡಿಸುವಾಕೆ ಮೊರದಲ್ಲಿ ತುಂಬಿ ತುಂಬಿ ಚೀಲಕ್ಕೆ ಹಾಕುತ್ತಿದ್ದಳು, ಚೀಲದೊಳಗೆ ಇನ್ನೂ ಕೆಲವು ಕಾಲಾಡಿಸುತ್ತಿದ್ದವು. ಸತ್ತವುಗಳ ಜೊತೆ ನನಗೆ ತಕರಾರಿಲ್ಲ ಎಂದಿದ್ದೆನಲ್ಲ, ಅವತ್ತು ಮಾತ್ರ ನೋಡಲಾಗಲಿಲ್ಲ.

ಅಜ್ಜಿ ಊದಿದ ಕಣ್ಣಲ್ಲೇ ಹಾಲು ಹಾಕಲು ಬಂದರು. ಚೀಲ ನೋಡಿದರು. "ಯಾವ ಮುಂಡೇವು ಮಾಡ್ಸಿದ್ವೋ. ಅವುಕ್ಕೆ ಉಸಿರು ಕಟ್ತು, ಎದ್ವು. ಉಸಿರು ಕಟ್ಟಿದ್ರೆ ನಾವು ಏಳಾಕಿಲ್ವಾ?" ಎಂದರು. ಮಾಡಿಸಿದ್ದು ನಾನು ಎಂದು ಹೇಳಲು ಬಾಯಿ ತೆರೆದೆ. ಆದರೆ ಹಾಲಿನ ಪಾತ್ರೆಯನ್ನಷ್ಟೇ ಮುಂದೆ ಚಾಚಿದೆ.

ನಮ್ಮನ್ನು ನೋಡಿ ಅಕ್ಕಪಕ್ಕದ ಕಟ್ಟಡದವರೂ ಕಲಿತರು. ಎಲ್ಲಿ ಕಪ್ಪು ಕಂಡರೂ ಫೋನು, ಮರುದಿನ ಚೀಲ. ಮುಂದಿನ ಯುಗಾದಿಗೆ ಹೊಂಗೆ ಎಂದಿನಂತೆ ಹೂ ಬಿಟ್ಟಿತು. ನಾನು ಧೈರ್ಯ ಮಾಡಿ ಹೂವಿನ ತಿಂಗಳಲ್ಲಿ ಮೊದಲ ಸಲ ತೋಪಿಗೆ ಇಳಿದೆ. ಸಣ್ಣ ನೊಣಗಳು ಒಂದೆರಡು ಇದ್ದವು. ಆ ಗುಂಯ್ ಇರಲಿಲ್ಲ. ಹೂ ಉದುರಿ ಕಾಲಡಿಯೆಲ್ಲ ಬೆಳ್ಳಗಾಗಿತ್ತು, ನನ್ನ ಚಪ್ಪಲಿಯ ಸದ್ದು ನನಗೇ ಕೇಳುತ್ತಿತ್ತು. ಹೆದರಿಕೆ ಹೋಗಿದೆಯೇ ಎಂದು ಮೈಯನ್ನೆಲ್ಲ ಹುಡುಕಿ ನೋಡಿಕೊಂಡೆ. ಹೋಗಿರಲಿಲ್ಲ. ಹಳೆಯ ಎದೆಬಡಿತ, ಸೇತುವೆ ಮೇಲಿನ ಬಸ್ಸಿನದು, ಅದೇ ಮರಗಳ ಕೆಳಗೆ ಮತ್ತೆ ಶುರುವಾಯಿತು.

ಅಜ್ಜಿ ವರ್ಷವೂ ಹೊಂಗೆ ಕಾಯಿ ಆರಿಸಿ ಎಣ್ಣೆಗೆ ಕೊಡುತ್ತಿದ್ದರು. ಎರಡು ವರ್ಷ ಆರಿಸಿದರು, ಮೂರನೆಯ ವರ್ಷ ಬುಟ್ಟಿ ತಂದು ತಳವೂ ಮುಚ್ಚದೆ ಹಿಂತಿರುಗಿದರು. "ಊವೇನೋ ಬುಡ್ತದೆ ಕಣವ್ವ, ನೊಣ ಕೂರ್ದೆ ಕಾಯಿ ಕಚ್ಚಾಕಿಲ್ಲ" ಎಂದರು. ಉದುರಿದ ಕಾಯಿಂದ ಏಳುತ್ತಿದ್ದ ಸಸಿಗಳೂ ಕಡಿಮೆಯಾದವು. ಇದ್ದ ಏಳು ಮರ ಮುದಿಯಾಗುತ್ತಿವೆ, ಇವು ಹೋದರೆ ಮುಂದೆ ಯಾವುದು ಎಂದು ಯೋಚಿಸುತ್ತ ಎಷ್ಟೋ ಬೆಳಿಗ್ಗೆ ನಿಂತಲ್ಲೇ ನಿಂತಿದ್ದೇನೆ. ಆ ಗೋಡೆ ಮತ್ತೆ ಕಾಯುತ್ತದೆ. ಮಳೆ ಮತ್ತೆ ಕೆಸರಾಗಿ ಓಡುತ್ತದೆ. ಮರ ಮುಟ್ಟಬೇಡಿ ಎಂದು ಗೆದ್ದವಳು ನಾನು.

2019ರಲ್ಲಿ ಕಟ್ಟಡಕ್ಕೆ ಹೊಸ ಬಣ್ಣ ಬಳಿಸಿದರು. ಬಣ್ಣದವರು ಸಾರುವೆ ಕಟ್ಟಿ ಹಿಂಭಾಗ ಉಜ್ಜುತ್ತಿದ್ದಾಗ ಸೆಕ್ರೆಟರಿ ಕೆಳಗೆ ನಿಂತು ಮೇಲ್ವಿಚಾರಣೆ ಮಾಡುತ್ತಿದ್ದರು. ಐದನೇ ಮಹಡಿಯ ಸಜ್ಜೆಯ ಅಡಿಯಲ್ಲಿ ಮೊರದಗಲದ ಕಂದು ಕಲೆ ಇನ್ನೂ ಇತ್ತು, ಮೇಣದ ಗುರುತು. ಬಣ್ಣದವನು ಮೇಲಿಂದ ಕೂಗಿದ: "ಸಾರ್, ಇದನ್ನ ಕೆರ್ದು ಬಳೀಲಾ? ಹಂಗೇ ಬಿಟ್ರೆ ವಾಸ್ನೆ ಹಿಡ್ಕೊಂಡು ಅದೇ ಜಾಗಕ್ಕೆ ಮತ್ತೆ ಬರ್ತವೆ."

ಸೆಕ್ರೆಟರಿ ಉತ್ತರಿಸುವ ಮೊದಲೇ, ಹಾಲು ಕೊಳ್ಳಲು ಕೆಳಗಿಳಿದು ನಿಂತಿದ್ದ ನಾನು ಕೂಗಿದೆ. "ಬಿಡಪ್ಪಾ. ಅದನ್ನ ಮುಟ್ಬೇಡ." ನನ್ನ ಸ್ವರ ಕೀರಲಾಗಿತ್ತು.

"ಮೇಡಂ, ನಿಮ್ಮ ಪ್ರಾಣ ಕಣ್ರೀ ಅದು" ಎಂದರು ಸೆಕ್ರೆಟರಿ.

"ಗೊತ್ತು" ಎಂದೆ. "ಅವತ್ತು ತೆಗೆಸಿ ಅಂದಿದ್ದು ನಾನೇ. ಇವತ್ತು ಬಿಡಿ ಅಂತಿರೋದೂ ನಾನೇ. ಆ ಮನೆಯೋರಿಗೆ ಹೋಮ ಎಲ್ಲಿ ಮಾಡ್ಬೇಕು ಅಂತ ನಾನು ಹೇಳ್ತೀನಿ."

ಅಜ್ಜಿ ಪಕ್ಕದಲ್ಲೇ ಹಾಲಳೆಯುತ್ತಿದ್ದರು. ಅಳೆಯುವ ಕೈ ಅರೆಕ್ಷಣ ನಿಂತಿತು. ನನ್ನ ಮುಖ ನೋಡಿದರು. ಬೈಯುತ್ತಾರೆಂದು ಕಾದೆ. ಅವರು ಹಾಲಳೆದು ಪಾತ್ರೆಗೆ ಸುರಿದರು. ದಿನಾ ಹಾಕುತ್ತಿದ್ದ ಕೊಸರು ಹಾಲನ್ನು ಮಾತ್ರ ಅವತ್ತು ಹಾಕಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಕೇಳಿಸಿಕೊಂಡರು, ಒಳಗೆ ಹೋಗಿ ಸ್ಟೀಲಿನ ಡಬ್ಬಿ ಹುಡುಕಿ ತಂದರು. ಜೇನು ಹೋದ ಮೇಲೆ ನಾವು ಔಷಧ ಬದಲಿಸುವುದನ್ನೇ ಬಿಟ್ಟಿದ್ದೆವು, ಎರಡೂ ಆಂಪ್ಯೂಲಿನ ಅವಧಿ ಮುಗಿದು ವರ್ಷಗಳಾಗಿದ್ದವು. ಚಪ್ಪಲಿ ಮೆಟ್ಟಿ ಹೊರಟರು. ಬರುವಾಗ ಹೊಸ ಔಷಧದ ಜೊತೆ ಮೂರು ಮೂಸಂಬಿ ತಂದಿದ್ದರು. ಅಡುಗೆಮನೆಯಲ್ಲಿ ಕನ್ನಡಕ ಏರಿಸಿಕೊಂಡು ಒಂದಕ್ಕೆ ಸೂಜಿ ಚುಚ್ಚಿದರು, ನೀರು ಹೊರಗೇ ಸೋರಿತು.

"ಕೈ ಮರ್ತೋಗಿದೆ ಕಣೇ" ಎಂದು ಇನ್ನೊಂದು ಹಣ್ಣು ತೆಗೆದುಕೊಂಡರು.